ಹಳೆಯ ಮೋಟಾರಿನ ಕೆಂಪು ದೀಪ

ಚಳಿಗಾಲದ ಮುಂಜಾನೆ ಹಳೆಯ ಅಂಬಾಸಿಡರ್ ಕಾರೊಂದು ಎರಡು ಬಾರಿ ನರಳಿ ಸುಮ್ಮನಾದರೆ, ಬ್ಯಾಟರಿಯನ್ನು ಬದಲಿಸೆಂದು ಉಪದೇಶಿಸುವವರು ಬಹುಮಂದಿ. ದುಡ್ಡು ತೆರುವ ಮೊದಲು ಓಮನ ನಿಯಮವನ್ನು ನೆನೆಯುವುದು ಲೇಸು.

ಸ್ಟಾರ್ಟರ್ ಮೋಟಾರು ನೂರು ಆಂಪಿಯರಿಗೂ ಮಿಕ್ಕ ವಿದ್ಯುತ್ತನ್ನು ಸೆಳೆಯುವುದುಂಟು. ಬ್ಯಾಟರಿಯ ಟರ್ಮಿನಲ್ಲಿಗೆ ಕಿಲುಬು ಹಿಡಿದು ಅಲ್ಲಿ ೦.೦೪ ಓಮಿನಷ್ಟೇ ರೋಧವುಂಟಾಗಿದೆಯೆನ್ನೋಣ. ೧೦೦ ಆಂಪಿಯರ್ ಹರಿಯುವಾಗ ೧೨ ವೋಲ್ಟಿನಲ್ಲಿ ೪ ವೋಲ್ಟು ಅಲ್ಲಿಯೇ ವ್ಯಯವಾಗುವುದು. ೪೦೦ ವಾಟಿನ ಶಾಖ ಆ ಸಣ್ಣ ಸಂದಿಯಲ್ಲಿ ಹುಟ್ಟುವುದು. ಕೀಲಿಯನ್ನು ಆರಿಸಿ ಮುಟ್ಟಿ ನೋಡಿದರೆ ಅದು ಬೆಚ್ಚಗಿರುತ್ತದೆ. ತಂತಿಯ ಬ್ರಷ್ಷಿನಿಂದ ಉಜ್ಜಿ ಬಿಗಿದರೆ ಸಾಕು.

ಇನ್ನೊಂದು ಪರೀಕ್ಷೆ. ಮುಂದಿನ ದೀಪಗಳನ್ನು ಹೊತ್ತಿಸಿ ಸ್ಟಾರ್ಟರನ್ನು ಒತ್ತಿರಿ. ದೀಪ ಕುಗ್ಗಿದರೆ ದೋಷವಿರುವುದು ಬಹುಮಟ್ಟಿಗೆ ಬ್ಯಾಟರಿಯಲ್ಲಿ ಇಲ್ಲವೆ ಅದರ ಜೋಡಣೆಯಲ್ಲಿ. ದೀಪ ಕುಗ್ಗದೆ ಮೋಟಾರು ಮೌನವಾಗಿದ್ದರೆ ಸ್ವಿಚ್ಚನ್ನೂ ಸ್ಟಾರ್ಟರನ್ನೂ ಶಂಕಿಸಬೇಕು. ಎಂಜಿನು ಚುರುಕಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಕಿಡಿ ಅಥವಾ ಪೆಟ್ರೋಲಿನ ಕಡೆ ತಿರುಗತಕ್ಕದ್ದು.

ಇನ್ನು ಕೆಂಪು ದೀಪ. ಡೈನಮೊ ಇರುವ ಗಾಡಿಗಳಲ್ಲಿ ಅದರ ಒಂದು ತುದಿ ಬ್ಯಾಟರಿಗೂ ಇನ್ನೊಂದು ಡೈನಮೊಗೂ ಸೇರಿರುತ್ತದೆ. ಎಂಜಿನು ನಿಂತಿರುವಾಗ ವಿಭವಾಂತರವಿರುವುದರಿಂದ ದೀಪ ಉರಿಯುತ್ತದೆ. ಡೈನಮೊ ವೇಗ ಪಡೆದೊಡನೆ ಎರಡೂ ತುದಿ ಸಮವಾಗಿ ಆರಿಹೋಗುತ್ತದೆ; ತಂತಿ ಕಡಿದುದರಿಂದಲ್ಲ, ತಕ್ಕಡಿ ಸಮನಾದುದರಿಂದ! ದಾರಿಯಲ್ಲಿ ಅದು ಮತ್ತೆ ಹೊತ್ತಿಕೊಂಡರೆ ಗಾಡಿಯನ್ನು ನಿಲ್ಲಿಸಿ ಬೆಲ್ಟನ್ನು ನೋಡಬೇಕು. ಅಂಬಾಸಿಡರಿನಲ್ಲಿ ಡೈನಮೊವನ್ನು ತಿರುಗಿಸುವ ಬೆಲ್ಟೇ ನೀರಿನ ಪಂಪನ್ನೂ ತಿರುಗಿಸುತ್ತದೆ. ಅದು ಕಡಿದಿದ್ದರೆ, ಬ್ಯಾಟರಿ ಬರಿದಾಗುವುದಕ್ಕೆ ಬಹಳ ಮುಂಚೆಯೇ ಎಂಜಿನು ಕುದಿದುಹೋಗುವುದು.