ಗೂಡಿಲ್ಲ ಅಂದ್ರೆ ಹಕ್ಕಿ ಇಲ್ಲ ಅಂತಲ್ಲ

ಸಂಜೆ ಆರೂವರೆಗೆ ಕ್ಯಾಬ್‌ಗೆ ಕಾಯ್ತಾ ನಿಂತಾಗ, ತಲೆ ಮೇಲಿನ ಮಳೆಮರದಿಂದ ಕಿವಿಗಡಚಿಕ್ಕುವ ಗಲಾಟೆ ಕೇಳಿದ್ದೀರಾ? ಅದು ಗೊರವಂಕಗಳ, ಅಂದ್ರೆ ನಮ್ಮ ಮೈನಾಗಳ ಗುಂಪು. ಮಲಗೋ ಮುಂಚೆ ಜಾಗಕ್ಕಾಗಿ ದಿನಾ ನಡೆಯೋ ತಳ್ಳಾಟ.

ಹಕ್ಕಿಗಳು ರಾತ್ರಿ ಗೂಡಲ್ಲಿ ಮಲಗುತ್ತವೆ ಅಂತ ತುಂಬಾ ಜನ ಅಂದುಕೊಂಡಿರ್ತಾರೆ. ಆದರೆ ಗೂಡು ಇರೋದು ಮೊಟ್ಟೆ, ಮರಿಗೆ. ಮರಿ ಹಾರಿಹೋದ ಮೇಲೆ ಹೆಚ್ಚಿನ ಹಾಡುಹಕ್ಕಿಗಳು ಅದರತ್ತ ತಿರುಗಿಯೂ ನೋಡಲ್ಲ. ವರ್ಷದ ಬಹುಪಾಲು ರಾತ್ರಿ ಅವಕ್ಕೆ ಕೊಂಬೆಯೇ ಹಾಸಿಗೆ.

ಯಾವ ಕೊಂಬೆ? ಸೂರಕ್ಕಿಯನ್ನೇ ತಗೊಳ್ಳಿ. ತೂಕ ಹತ್ತು ಗ್ರಾಂ ಆಸುಪಾಸು, ಹಗಲಲ್ಲಿ ಮೈ ಬಿಸಿ ಸುಮಾರು 40 ಡಿಗ್ರಿ ಸೆಲ್ಸಿಯಸ್. ಸಣ್ಣ ಲೋಟದ ಕಾಫಿ ಬೇಗ ಆರೋ ಹಾಗೆ ಸಣ್ಣ ಮೈಯೂ ಬೇಗ ಆರುತ್ತೆ. ಹಗಲು ತಿಂದು ಕೂಡಿಟ್ಟ ಕೊಬ್ಬು ಬೆಳಗಿನವರೆಗೆ ಬರಬೇಕು. ಅದಕ್ಕೇ ಗಾಳಿ ಬೀಸದ, ಮೇಲೆ ಎಲೆ ಮುಚ್ಚಿದ ಜಾಗ ಬೇಕು. ಬಯಲಲ್ಲಿ ನಿಲ್ಲಿಸಿದ ಬೈಕ್ ಸೀಟ್ ಇಬ್ಬನಿಯಲ್ಲಿ ತೊಯ್ದಿರುತ್ತೆ, ಮರದಡಿ ನಿಲ್ಲಿಸಿದ್ದು ಅಷ್ಟಾಗಿ ತೊಯ್ಯಲ್ಲ. ತೆರೆದ ಆಕಾಶಕ್ಕೆ ಬಿಸಿ ಸೋರಿಹೋಗದಂತೆ ಎಲೆ ತಡೆಯುತ್ತೆ. ಹಕ್ಕಿಗೂ ಅದೇ ಲೆಕ್ಕ.

ಇನ್ನೊಂದು ಭಯ ಬೆಕ್ಕು, ಹಾವಿನದು. ಸಿಂಪಿಗ ಹಕ್ಕಿ ಮಲಗೋದು ತೆಳ್ಳನೆಯ ಕಡ್ಡಿ ಮೇಲೆ. ಯಾವುದಾದರೂ ಪ್ರಾಣಿ ಅದನ್ನ ಹತ್ತಿದರೆ ಕಡ್ಡಿ ಅಲುಗಾಡುತ್ತೆ, ಖರ್ಚಿಲ್ಲದ ಅಲಾರ್ಮ್! ಮರಿ ಮಾಡೋ ಕಾಲ ಬಿಟ್ಟರೆ ಅದು ಒಂಟಿಯಾಗೇ ಮಲಗುತ್ತೆ, ಎಷ್ಟೋ ಸಲ ನಮ್ಮ ಮನೆ, ದೀಪಗಳ ಹತ್ತಿರವೇ. ಹರಟೆಮಲ್ಲಗಳದ್ದು ಬೇರೆ ದಾರಿ. ಒಂದೇ ಕೊಂಬೆ ಮೇಲೆ ಮೈಗೆ ಮೈ ಒತ್ತಿ ಸಾಲಾಗಿ ಕೂರುತ್ತವೆ. ಗೊರವಂಕಗಳಿಗೆ ಗುಂಪೇ ಕಾವಲು. ಹಸಿದ ಹಕ್ಕಿ ಬೆಳಗ್ಗೆ ಹೊಟ್ಟೆ ತುಂಬಿದವರ ಹಿಂದೆ ಹೋಗಿ ಊಟದ ಜಾಗ ಕಂಡುಕೊಳ್ಳುತ್ತೆ ಅಂತ ಪೀಟರ್ ವಾರ್ಡ್ ಮತ್ತು ಅಮೋಟ್ಸ್ ಜಹಾವಿ 1973ರಲ್ಲಿ ವಾದಿಸಿದ್ದರು. ವಿಜ್ಞಾನಿಗಳೆಲ್ಲ ಇದನ್ನ ಒಪ್ಪಿಲ್ಲ. ಆಫೀಸ್ ಕ್ಯಾಂಟೀನ್‌ಗೆ ಹೊಸಬರು ಹೋಗೋದು ಹೀಗೇ ಅಲ್ವಾ, ನನಗಂತೂ ನಂಬಬಹುದು ಅನ್ಸುತ್ತೆ.

ತೊಂದರೆ ಶುರುವಾಗೋದು ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಲ್ಲಿ. "ಕಾರ್ ಮೇಲೆಲ್ಲ ಹಿಕ್ಕೆ, ಕೊಂಬೆ ಕಡಿಸಿ." ಯಾರೋ ಮಧ್ಯಾಹ್ನ ಮರ ನೋಡಿ, ಗೂಡಿಲ್ಲ, ಕಡಿಯಬಹುದು ಅಂತಾರೆ. ಹಗಲಲ್ಲಿ ಅಲ್ಲಿ ಹಕ್ಕಿ ಇರೋದೇ ಇಲ್ಲ! ಅವು ವಾಪಸ್ ಬರೋ ಹೊತ್ತಿಗೆ ಮರ ಬೋಳು, ಬೇರೆ ಜಾಗ ಹುಡುಕೋಕೆ ಉಳಿದಿರೋದು ಸ್ವಲ್ಪ ಬೆಳಕು. ಮರವನ್ನೇ ಉರುಳಿಸೋದಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಅನುಮತಿ ಬೇಕು. ಆದರೆ ಗೂಡಿಲ್ಲದ ಮರದಲ್ಲೂ ಹಕ್ಕಿ ಮಲಗುತ್ತೆ ಅನ್ನೋದನ್ನ ಗ್ರೂಪಿಗೆ ಹೇಳಬೇಕಾದವರು ನಾವೇ.

ಹಾಗಾಗಿ ಕಡಿಸೋ ಮುಂಚೆ ಒಂದೆರಡು ದಿನ ಸಂಜೆ ಆರರಿಂದ ಏಳರವರೆಗೆ ಮರ ನೋಡಿ. ಕೆಳಗೆ ನೆಲದ ಮೇಲೆ ಬಿಳಿ ಕಲೆಗಳು ಒಂದೇ ಕಡೆ ದಟ್ಟವಾಗಿದ್ದರೆ ಅದೇ ಅವರ ಬೆಡ್‌ರೂಮ್. ಕಾರನ್ನ ಸ್ವಲ್ಪ ಆಚೆ ನಿಲ್ಲಿಸಿದರೆ ಆಗಬಹುದು. ಕೊಂಬೆ ಕತ್ತರಿಸಲೇಬೇಕು ಅಂದ್ರೆ ಬೆಳಗ್ಗೆಯೇ ಮುಗಿಸಿ, ಅರ್ಧ ಮರ ಉಳಿಸಿ. ಬಾಲ್ಕನಿಯ ಬೋಗನ್‌ವಿಲ್ಲಾದಲ್ಲಿ ಉಣ್ಣೆ ಉಂಡೆ ಥರ ಉಬ್ಬಿ ಕೂತ ಹಕ್ಕಿ ಕಂಡರೆ ಫೋನ್ ಫ್ಲ್ಯಾಶ್ ಹಾಕ್ಬೇಡಿ. ಕತ್ತಲಲ್ಲಿ ಗಾಬರಿಯಾಗಿ ಹಾರಿದ್ರೆ ಇನ್ನೊಂದು ಕಡ್ಡಿ ಹುಡುಕಿಕೊಳ್ಳೋದು ಅದಕ್ಕೆ ಕಷ್ಟ.