ಚುಟ್ಟದವನ ಮೊದಲ ಚುಂಗಾಣಿ

1945ರ ಆಗಸ್ಟ್ 30ರಂದು ಜಪಾನಿನ ಅತ್ಸುಗಿ ವಿಮಾನ ನಿಲ್ದಾಣದಲ್ಲಿ ಜನರಲ್ ಡಗ್ಲಸ್ ಮೆಕಾರ್ಥರ್ ವಿಮಾನದಿಂದಿಳಿದಾಗ ಅವನ ಬಾಯಲ್ಲಿದ್ದುದು ಮೆಕ್ಕೆಜೋಳದ ದಿಂಡಿನಿಂದ ಮಾಡಿದ ಚುಂಗಾಣಿ. ಕಾಳು ಬಿಡಿಸಿದ ಮೇಲೆ ಗಡಿನಾಡಿನ ರೈತನು ಒಲೆಗೆ ತಳ್ಳುವ ಅದೇ ದಿಂಡು. ಗೆದ್ದ ಸೇನಾಪತಿಯ ಬಾಯಿಗೆ ಸಲ್ಲುವಂತಹ ಬೆಲೆಬಾಳುವ ಚುಂಗಾಣಿಗಳು ಆಗ ಲೋಕದಲ್ಲಿ ಬೇಕಾದಷ್ಟಿದ್ದವು. ಆದರೂ ಜಗತ್ತು ಕಂಡ ಚಿತ್ರದಲ್ಲಿ ಉಳಿದದ್ದು ಇದು.

ಸಿಗಾರ್ ಸೇದಿ ಅಭ್ಯಾಸವಾದವನು ಮೊದಲ ಬಾರಿಗೆ ಚುಂಗಾಣಿ ಕೊಳ್ಳಹೊರಟಾಗ ಅವನಿಗೂ ಒದಗಿಬರುವುದು ಬಹುಮಟ್ಟಿಗೆ ಈ ದಿಂಡೇ. ಇದರ ಹುಟ್ಟೂರು ಅಮೆರಿಕದ ಮಿಸ್ಸೌರಿ ಸಂಸ್ಥಾನದ ವಾಷಿಂಗ್ಟನ್ ಎಂಬ ಸಣ್ಣ ಪಟ್ಟಣ. ಹಾಲೆಂಡಿನಿಂದ ಬಂದು ಅಲ್ಲಿ ನೆಲೆಸಿದ್ದ ಹೆನ್ರಿ ಟಿಬ್ಬೆ ಎಂಬ ಮರಗೆಲಸದವನು 1869ರಲ್ಲಿ ದಿಂಡನ್ನು ತಿರುಗಣೆಗೆ ಹಾಕಿ ಚುಂಗಾಣಿ ಕಡೆಯಲಾರಂಭಿಸಿದ. ದಿಂಡಿನ ಹೊರಮೈಯ ಕುಳಿಗಳಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೆತ್ತಿ ಉಜ್ಜಿ ನಯಗೊಳಿಸುವ ವಿಧಾನಕ್ಕೆ 1878ರಲ್ಲಿ ಪೇಟೆಂಟ್ ದೊರೆಯಿತು. ‘ಮಿಸ್ಸೌರಿ ಮೀರ್ಶಾಮ್’ ಎಂಬ ಹೆಸರಿನ ಆ ಕಾರ್ಖಾನೆ ಈಗಲೂ ನಡೆಯುತ್ತಿದೆ. ಮೀರ್ಶಾಮ್ ಎಂದರೆ ಜರ್ಮನ್ ಭಾಷೆಯಲ್ಲಿ ಸಮುದ್ರದ ನೊರೆ. ಟರ್ಕಿಯ ಎಸ್ಕಿಶೆಹಿರ್ ಸೀಮೆಯ ನೆಲದಡಿಯಲ್ಲಿ ಸಿಗುವ ಬಿಳಿಯ ಹಗುರ ಕಲ್ಲಿಗೆ ಆ ಹೆಸರು. ಶ್ರೀಮಂತರ ಚುಂಗಾಣಿ ಅದರಿಂದಾಗುತ್ತಿತ್ತು. ಬಡವನ ದಿಂಡಿಗೆ ಅದೇ ಹೆಸರಿಟ್ಟವರ ಹಾಸ್ಯಬುದ್ಧಿಯನ್ನು ಮೆಚ್ಚಬೇಕು. ಇಂದಿನ ಆಹಾರದ ಜೋಳದ ದಿಂಡು ತೆಳುವಾದುದರಿಂದ, ದಪ್ಪನೆಯ ಗಟ್ಟಿ ದಿಂಡಿಗಾಗಿಯೇ ಬೆಳೆದ ತಳಿಯನ್ನು ಬಳಸಿ, ಅದನ್ನು ದೀರ್ಘಕಾಲ ಒಣಗಿಸಿ ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ. ಸಾಧಾರಣ ದಿಂಡಿನ ಚುಂಗಾಣಿಯ ಬೆಲೆ ಅಮೆರಿಕದಲ್ಲಿ ಹತ್ತು ಹದಿನೈದು ಡಾಲರಿನ ಆಸುಪಾಸು. ಒಂದು ಒಳ್ಳೆಯ ಸಿಗಾರಿಗೂ ಅಲ್ಲಿ ಅಷ್ಟೇ ಕೊಡಬೇಕಾಗಬಹುದು. ಆದರೆ ಸಿಗಾರ್ ಒಂದು ಸಂಜೆಗೆ ಬೂದಿಯಾಗುತ್ತದೆ.

ಇದಕ್ಕಿಂತ ಮೇಲಿನ ಮೆಟ್ಟಿಲು ಬ್ರಯರ್. ಮೆಡಿಟರೇನಿಯನ್ ತೀರದ ಕುರುಚಲು ಕಾಡಿನಲ್ಲಿ ಬೆಳೆಯುವ ಒಂದು ಬಗೆಯ ಗಿಡದ ಬೇರಿನ ಗಂಟು ಇದು. ಬೆಂಕಿಯನ್ನು ತಾಳಿಕೊಳ್ಳುವುದು ಇದರ ಗುಣ. ಫ್ರಾನ್ಸಿನ ಸೇಂ ಕ್ಲೋದ್ ಎಂಬ ಊರು ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಈ ಕಸುಬಿಗೆ ಹೆಸರಾಯಿತು. ಗಂಟನ್ನು ಗಂಟೆಗಟ್ಟಲೆ ಕುದಿಸಿ ರಸ ತೆಗೆದು, ತಿಂಗಳುಗಟ್ಟಲೆ ಒಣಗಿಸದಿದ್ದರೆ ಹೊಗೆ ಕಹಿಯಾಗುತ್ತದೆ. ಅಗ್ಗದ ಬ್ರಯರಿನಲ್ಲಿ ಮೋಸಹೋಗುವುದು ಇಲ್ಲಿಯೇ. ಹುಳುಕು, ಬಿರುಕುಗಳಿಗೆ ಮೇಣದಂಥ ಲಪ್ಪವನ್ನು ತುಂಬಿ ಮೇಲೆ ದಟ್ಟ ಬಣ್ಣ, ಮೆರುಗು ಬಳಿದಿರುತ್ತಾರೆ. ಬಟ್ಟಲಿನ ತಳಕ್ಕೆ ಸರಿಯಾಗಿ ಹೊಗೆಯ ರಂಧ್ರ ಬಂದಿದೆಯೇ, ನಳಿಕೆಯ ತುದಿಯಿಂದ ತೂರಿಸಿದ ಸ್ವಚ್ಛಗೊಳಿಸುವ ತಂತಿ ಎಲ್ಲಿಯೂ ತಡೆಯದೆ ಬಟ್ಟಲನ್ನು ಮುಟ್ಟುತ್ತದೆಯೇ — ಇವೆರಡನ್ನು ನೋಡಿಕೊಂಡವನು ಹೊಳಪಿಗೆ ಮರುಳಾಗುವುದಿಲ್ಲ. ಜೇಬು ಬಿಗಿಯಾಗಿರುವವನಿಗೆ ಕೆಟ್ಟ ಬ್ರಯರಿಗಿಂತ ಒಳ್ಳೆಯ ದಿಂಡೇ ಲೇಸು.

ಚುಂಗಾಣಿಯನ್ನು ಆರಿಸುವಾಗ ಸಿಗಾರಿನವನನ್ನು ದಾರಿ ತಪ್ಪಿಸುವುದು ಅವನ ಹಳೆಯ ರೂಢಿಯೇ. ಒಂದು ಗಂಟೆ ಉರಿಯುವ ದಪ್ಪ ಚುಟ್ಟ ಹಿಡಿದ ಕೈ ದೊಡ್ಡ ಬಟ್ಟಲನ್ನು ಬಯಸುತ್ತದೆ. ಮೊದಲಿಗೆ ಬೇಕಾದದ್ದು ಅರ್ಧ ಗಂಟೆಯಲ್ಲಿ ಮುಗಿಯುವ ಸಣ್ಣ ಇಲ್ಲವೆ ಮಧ್ಯಮ ಬಟ್ಟಲು. ಬಲವಾಗಿ ಎಳೆಯುವ ಅಭ್ಯಾಸವೂ ಚುಂಗಾಣಿಗೆ ಸಲ್ಲದು. ಎಳೆದಷ್ಟೂ ಬಟ್ಟಲು ಕಾದು ಹಬೆ ನಾಲಿಗೆಯನ್ನು ಸುಡುತ್ತದೆ. ಹೊಸಬರಲ್ಲಿ ಬಹುಮಂದಿ ಚುಂಗಾಣಿಯನ್ನು ಮೂಲೆಗೆಸೆಯುವುದು ಈ ಉರಿಯಿಂದಲೇ, ದೂರುವುದು ಮಾತ್ರ ಚುಂಗಾಣಿಯನ್ನು. ನಡುನಡುವೆ ಬೆಂಕಿ ಆರಿಹೋದರೆ ಅವಮಾನವಿಲ್ಲ, ಮತ್ತೆ ಹೊತ್ತಿಸಬಹುದು.

ಸೊಪ್ಪಿನ ಆಯ್ಕೆಯೂ ಇದಕ್ಕೆ ಹೊಂದಿಕೊಂಡಿರಬೇಕು. ಆಂಧ್ರದಲ್ಲಿ ಹೇರಳವಾಗಿ ಬೆಳೆಯುವ, ಬಿಸಿಗಾಳಿಯ ಕೊಠಡಿಯಲ್ಲಿ ಹದಗೊಳಿಸುವ ವರ್ಜೀನಿಯ ಜಾತಿಯಲ್ಲಿ ಸಕ್ಕರೆಯ ಅಂಶ ಹೆಚ್ಚು. ಅವಸರಪಟ್ಟವನ ನಾಲಿಗೆಯನ್ನು ಅದು ಬೇಗ ಕಚ್ಚುತ್ತದೆ. ನೆರಳುಗಾಳಿಯಲ್ಲಿ ಒಣಗಿಸಿದ ಬರ್ಲಿಯಲ್ಲಿ ಸಕ್ಕರೆ ಕಡಿಮೆ, ರುಚಿಯಲ್ಲಿ ಅದು ಸಿಗಾರಿಗೆ ಹತ್ತಿರ. ಡಬ್ಬಿಯಿಂದ ತೆಗೆದ ಸೊಪ್ಪು ಒದ್ದೆಯಾಗಿದ್ದರೆ ಸ್ವಲ್ಪ ಹೊತ್ತು ಹರಡಿ ಆರಬಿಡಬೇಕು. ತುಂಬುವಾಗ ತಳದಲ್ಲಿ ಸಡಿಲ, ಮೇಲೆ ಬಿಗಿ. ಸೇದಿದ ಚುಂಗಾಣಿಗೆ ಒಂದು ದಿನ ಬಿಡುವು ಕೊಟ್ಟರೆ ಒಳಗಿನ ತೇವ ಆರುತ್ತದೆ. ದಿಂಡು ಅಗ್ಗವಾದುದರಿಂದ ಎರಡನ್ನು ಇಟ್ಟುಕೊಳ್ಳುವುದೂ ಕಷ್ಟವಲ್ಲ.

ಚುಟ್ಟದ ಸಂಗತಿ ಗಡಿನಾಡಿಗೆ ಹೊಸದಲ್ಲ. ಇಂಗ್ಲಿಷಿನ ‘ಚೆರೂಟ್’ ತಮಿಳಿನ ‘ಸುರುಟ್ಟು’ವಿನಿಂದ ಹೋದ ಪದ, ಕನ್ನಡದ ‘ಸುರುಟು’ ಅದರ ನೆರೆಯಲ್ಲೇ ಇದೆ. ತಿರುಚಿನಾಪಳ್ಳಿ, ದಿಂಡಿಗಲ್ಲುಗಳ ಚುಟ್ಟ ಒಂದು ಕಾಲಕ್ಕೆ ಲಂಡನ್ನಿನವರೆಗೆ ಪ್ರಸಿದ್ಧವಾಗಿತ್ತು. ಇನ್ನೊಂದು ಸಂಗತಿಯೂ ಉಂಟು. ಆಂಧ್ರದ ಕರಾವಳಿಯ ಶ್ರೀಕಾಕುಳಂ, ವಿಶಾಖಪಟ್ಟಣ ಸೀಮೆಯ ಹೆಂಗಸರಲ್ಲಿ ಉರಿಯುವ ತುದಿಯನ್ನು ಬಾಯೊಳಗಿಟ್ಟು ಚುಟ್ಟ ಸೇದುವ ರೂಢಿಯಿದೆ. ಅವರ ಮೇಲಂಗುಳಿನಲ್ಲಿ ಕಾಣಿಸಿಕೊಳ್ಳುವ ಕ್ಯಾನ್ಸರ್ ವೈದ್ಯಗ್ರಂಥಗಳಿಗೆ ಏರಿದೆ.

ಸಿಗಾರ್ ಬಿಟ್ಟು ಚುಂಗಾಣಿ ಹಿಡಿದರೆ ಅಪಾಯ ತಗ್ಗೀತೆಂಬ ಎಣಿಕೆ ಅನೇಕರಲ್ಲಿದೆ. ಹೊಗೆಯನ್ನು ಎದೆಗೆಳೆದುಕೊಳ್ಳದೆ ಬಾಯಲ್ಲೇ ಆಡಿಸಿ ಬಿಡುವುದರಿಂದ ಬಂದ ಎಣಿಕೆ ಅದು. ಆದರೆ ಎರಡರ ರೀತಿಯೂ ಅದೇ, ನಿಕೋಟಿನ್ ಬಾಯಿಯ ಒಳಚರ್ಮದಿಂದಲೇ ರಕ್ತಕ್ಕೆ ಸೇರುತ್ತದೆ. ಚುಂಗಾಣಿ ಸೇದುವವರ ತುಟಿಯಲ್ಲಿ ಕ್ಯಾನ್ಸರ್ ಕಾಣುವುದನ್ನು ಜರ್ಮನಿಯ ವೈದ್ಯ ಸೋಮರಿಂಗ್ 1795ರಷ್ಟು ಹಿಂದೆಯೇ ಬರೆದಿಟ್ಟಿದ್ದ. ಬಾಯಿ, ಗಂಟಲು, ಅನ್ನನಾಳ, ಶ್ವಾಸಕೋಶಗಳ ಕ್ಯಾನ್ಸರಿಗೆ ಸಿಗಾರೂ ಕಾರಣ, ಚುಂಗಾಣಿಯೂ ಕಾರಣ. ಸಿಗರೇಟಿನಿಂದ ಬಂದವನಾದರೆ ಹೊಗೆ ನುಂಗುವ ಹಳೆಯ ಚಟವೂ ಜೊತೆಗೆ ಬರುತ್ತದೆ. ಸಿಗ್ಮಂಡ್ ಫ್ರಾಯ್ಡನ ದವಡೆಯಲ್ಲಿ 1923ರಲ್ಲಿ ಗಡ್ಡೆ ಕಂಡಿತು. ಮುಂದಿನ ಹದಿನಾರು ವರ್ಷಗಳಲ್ಲಿ ಮೂವತ್ತಕ್ಕೂ ಹೆಚ್ಚು ಶಸ್ತ್ರಕ್ರಿಯೆಗಳಾದವು. ಕೃತಕ ಅಂಗುಳನ್ನು ಅಳವಡಿಸಿಕೊಂಡು ಮಾತಿಗೂ ಊಟಕ್ಕೂ ಕಷ್ಟಪಡುತ್ತಿದ್ದಾಗಲೂ ಮನಸ್ಸಿನ ಕಟ್ಟುಗಳನ್ನು ಬಿಡಿಸಿ ತೋರಿಸಿದ ಆ ಪಂಡಿತನಿಗೆ ಸಿಗಾರನ್ನು ಬಿಡುವುದಾಗಲಿಲ್ಲ.

ಅಗ್ಗದ ಚುಂಗಾಣಿಯ ಪರವಾಗಿ ಹೇಳಬೇಕಾದ ಕೊನೆಯ ಮಾತೂ ಇದಕ್ಕೆ ಸೇರಿದ್ದೇ. ನೂರಾರು ಡಾಲರು ತೆತ್ತವನು ಹಣದ ಮಮತೆಯಿಂದಲಾದರೂ ಸೇದುತ್ತಾನೆ. ದಿಂಡಿನ ಚುಂಗಾಣಿ ಕೊಂಡವನಿಗೆ ಮೂರು ವಾರ ಕಳೆದು ನಾಲಿಗೆ ಉರಿದು ಬೇಸರವಾದರೆ, ಮನೆಯವರ ಮಾತಿಗೆ ಕಿವಿಗೊಟ್ಟು ಅದನ್ನು ರೈತನಂತೆಯೇ ಒಲೆಗೆ ಹಾಕಬಹುದು.