ಖಾಲಿ ಅಂಕಣ ಸೊನ್ನೆಯಲ್ಲ: ಪಾವತಿ ತಂತ್ರಾಂಶಕ್ಕೆ ಉತ್ತರ ಬಾರದಿದ್ದಾಗ

ಅಂಗಡಿಯ ಆ್ಯಪ್ ಬ್ಯಾಂಕಿಗೆ ಪ್ರಶ್ನೆ ಕಳುಹಿಸಿ ಉತ್ತರ ಬರುವವರೆಗೆ ಕೈಕಟ್ಟಿ ಕೂರುವುದಿಲ್ಲ; ಅಷ್ಟರಲ್ಲಿ ಮುಂದಿನ ಬಿಲ್ಲಿನ ಕೆಲಸ ನಡೆಸುತ್ತಿರುತ್ತದೆ. ತಂತ್ರಾಂಶಜ್ಞರು ಇದನ್ನು ಅಸಿಂಕ್ರೊನಸ್ ವಿಧಾನವೆನ್ನುತ್ತಾರೆ. ತೊಡಕು ಉಂಟಾಗುವುದು ಉತ್ತರ ತಡವಾದಾಗ ಅಥವಾ ಬಾರದೇ ಹೋದಾಗ.

ಬಾಕಿ ಸೊನ್ನೆ ಎಂದು ಬರೆದರೆ ಪರಿಶೀಲನೆ ಮುಗಿದಿದೆ ಎಂದರ್ಥ. ಅಂಕಣ ಖಾಲಿಯಿದ್ದರೆ ವಿಷಯ ಇನ್ನೂ ತಿಳಿದಿಲ್ಲ. ಈ ಖಾಲಿತನವನ್ನು ಸೂಚಿಸುವ ‘ನಲ್’ ಅನ್ನು 1965ರಲ್ಲಿ ಆಲ್ಗಾಲ್ ಡಬ್ಲ್ಯು ಭಾಷೆಗಾಗಿ ರೂಪಿಸಿದ ಟೋನಿ ಹೋರ್, 2009ರಲ್ಲಿ ಅದನ್ನು ತಮ್ಮ ಶತಕೋಟಿ ಡಾಲರಿನ ತಪ್ಪೆಂದು ಕರೆದರು. ಸ್ವಿಫ್ಟ್, ಕಾಟ್ಲಿನ್ ಭಾಷೆಗಳಲ್ಲಿ ಖಾಲಿಯಿರಬಹುದಾದ ಮೌಲ್ಯದ ಬಗೆಗೆ ಪ್ರಶ್ನಾರ್ಥಕ ಚಿಹ್ನೆ ಹಚ್ಚಲಾಗುತ್ತದೆ; ಪರೀಕ್ಷಿಸದೆ ಬಳಸಿದರೆ ಕಂಪೈಲರ್ ತಡೆಯುತ್ತದೆ.

ಆದರೂ ಕಳ್ಳದಾರಿಗಳುಂಟು. ಆಶ್ಚರ್ಯಸೂಚಕ ಚಿಹ್ನೆ ಹಾಕಿ ‘ಇದು ಖಾಲಿಯಿಲ್ಲ’ ಎಂದು ಪಟ್ಟುಹಿಡಿಯಬಹುದು. ಖಾಲಿಯಿದ್ದರೆ ಆ್ಯಪ್ ಸ್ಥಗಿತಗೊಳ್ಳುತ್ತದೆ. ‘ಇಲ್ಲದಿದ್ದರೆ ಸೊನ್ನೆ’ ಎಂದು ಬರೆಯುವುದು ಇನ್ನೂ ಅಪಾಯಕರ. ನಿಂತುಹೋದ ಆ್ಯಪ್ ಕಣ್ಣಿಗೆ ಬೀಳುತ್ತದೆ. ಸುಳ್ಳು ಸೊನ್ನೆಯಾದರೋ ತಾಳೆಪಟ್ಟಿಯವರೆಗೂ ಸದ್ದಿಲ್ಲದೆ ಸಾಗುತ್ತದೆ. ಸ್ವಿಫ್ಟ್‌ನಲ್ಲಿ ‘ಟ್ರೈ’ ಪದಕ್ಕೆ ಪ್ರಶ್ನಾರ್ಥಕ ಸೇರಿಸಿದರೆ ದೋಷವೇ ಖಾಲಿ ಮೌಲ್ಯವಾಗಿ ಮಾರ್ಪಟ್ಟು, ಜಾಲ ಕಡಿದುಹೋಯಿತೋ, ಬ್ಯಾಂಕ್ ನಿರಾಕರಿಸಿತೋ ಎಂಬ ಕಾರಣ ಅಳಿಸಿಹೋಗುತ್ತದೆ.

ಯುಪಿಐ ಪಾವತಿಯನ್ನು ಗಮನಿಸಿ. ಗ್ರಾಹಕನ ಖಾತೆಯಿಂದ 4,000 ರೂಪಾಯಿ ಕಡಿತವಾಗಿದೆ, ಅಂಗಡಿಗೆ ದೃಢೀಕರಣ ಬಂದಿಲ್ಲ ಎನ್ನೋಣ. ಗಡುವು ಮೀರಿದ ಮಾತ್ರಕ್ಕೆ ಆ್ಯಪ್ ‘ವಿಫಲ’ ಎಂದು ತೋರಿಸಿದರೆ ಗ್ರಾಹಕ ಮತ್ತೆ ಹಣ ಕಟ್ಟುತ್ತಾನೆ. ಆದ್ದರಿಂದ ಯಶಸ್ಸು, ವೈಫಲ್ಯಗಳ ಜೊತೆಗೆ ‘ತಿಳಿದಿಲ್ಲ’ ಎಂಬ ಮೂರನೆಯ ಸ್ಥಿತಿ ಅವಶ್ಯ. ಆ ಮೊತ್ತ ಸಸ್ಪೆನ್ಸ್ ಖಾತೆಯಲ್ಲಿರುವಂತೆ ಕಾದಿರಬೇಕು. ಹೊಸ ಪಾವತಿ ಕೇಳುವ ಮುನ್ನ ಹಳೆಯ ವ್ಯವಹಾರ ಸಂಖ್ಯೆಯಿಂದಲೇ ಸ್ಥಿತಿ ವಿಚಾರಿಸಬೇಕು; ಅದೇ ಸಂಖ್ಯೆಯ ಕೋರಿಕೆ ಎರಡು ಬಾರಿ ತಲುಪಿದರೂ ನಮೂದು ಒಂದೇ ಆಗಬೇಕು. ಉತ್ತರ ಬರುವಷ್ಟರಲ್ಲಿ ಗುಮಾಸ್ತ ಬಿಲ್ಲನ್ನೇ ರದ್ದುಪಡಿಸಿರಬಹುದು; ಬರೆಯುವ ಮುನ್ನ ಬಿಲ್ಲನ್ನು ಪುನಃ ನೋಡುವುದು ಒಳ್ಳೆಯದು. ಇದನ್ನು ಹಲವು ತಂತ್ರಾಂಶಗಳು ಮರೆಯುತ್ತವೆ.

ಈ ಮೂರನೆಯ ಸ್ಥಿತಿಯನ್ನು ರಿಸರ್ವ್ ಬ್ಯಾಂಕೂ ಪರಿಗಣಿಸಿದೆ. ಖಾತೆಯಿಂದ ಹಣ ಕಡಿತವಾಗಿ ವರ್ತಕರಿಗೆ ದೃಢೀಕರಣ ತಲುಪದ ಯುಪಿಐ ಪಾವತಿಗಳಲ್ಲಿ, ವ್ಯವಹಾರದ ದಿನದಿಂದ 5 ದಿನಗಳೊಳಗೆ ಹಣ ತಾನಾಗಿ ಹಿಂದಿರುಗಬೇಕೆಂದೂ, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ನೀಡಬೇಕೆಂದೂ 2019ರ ಸೆಪ್ಟೆಂಬರ್ ಸುತ್ತೋಲೆ ವಿಧಿಸಿತು. ಆ ಅವಧಿಯವರೆಗಾದರೂ ‘ತಿಳಿದಿಲ್ಲ’ ನಮೂದುಗಳನ್ನು ಪ್ರತ್ಯೇಕ ಪಟ್ಟಿಯಲ್ಲಿ ತೋರಿಸುವ ಸೌಲಭ್ಯವಿದೆಯೇ ಎಂದು ವರ್ತಕರು ತಂತ್ರಾಂಶ ಕೊಳ್ಳುವ ಮುನ್ನವೇ ಕೇಳಿ ತಿಳಿಯಬಹುದು.